ಕಠಿಣ ಪದಗಳ ಋಣ: ಆಂಗ್ಲ ನಿಘಂಟಿನ ಉಗಮ ಮತ್ತು ಬೋಧಕನ ಹೊಣೆ

ದೈವಶಾಸ್ತ್ರದ ಅಭ್ಯಾಸಕ್ಕೆಂದು ಗುರುಮಠಕ್ಕೆ ಬರುವ ಕನ್ನಡ ನಾಡಿನ ಅನೇಕ ಯುವಕರಿಗೆ ಮೊದಲು ಎದುರಾಗುವ ತೊಡಕು ಆಂಗ್ಲ ಭಾಷೆಯದು. ಪಠ್ಯಗಳು ಬಹುಪಾಲು ಆ ಭಾಷೆಯಲ್ಲಿರುವುದರಿಂದ ಅವರು ಟಿಪ್ಪಣಿ ಪುಸ್ತಕದ ಒಂದು ಬದಿಯಲ್ಲಿ ಕಠಿಣ ಪದವನ್ನೂ ಇನ್ನೊಂದು ಬದಿಯಲ್ಲಿ ಅದರ ಅರ್ಥವನ್ನೂ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ನಾವೂ ಹಾಗೆಯೇ ಕಲಿತವರು. ಆದರೆ ವರ್ಷಗಳು ಕಳೆದು ಅದೇ ಯುವಕರು ಹಳ್ಳಿಯ ದೇವಾಲಯದಲ್ಲಿ ಪ್ರಬೋಧನೆಗೆ ನಿಂತಾಗ ಆಂಗ್ಲ ಪದ ತಾನಾಗಿ ನಾಲಗೆಗೆ ಬರುತ್ತದೆ, ಕನ್ನಡದ ಮಾತು ತಡವರಿಸುತ್ತದೆ. ಕಷ್ಟಪಟ್ಟು ಗಳಿಸಿದ ಪದಸಂಪತ್ತು ಯಾರ ಸೊತ್ತು ಎಂಬ ಪ್ರಶ್ನೆ ಆಗ ಏಳುತ್ತದೆ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ತೀವ್ರವಾಗಿಯೇ ಎದ್ದಿತ್ತು. ಅದರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಆ ಕಾಲದಲ್ಲಿ ಆಂಗ್ಲ ಭಾಷೆ ಇನ್ನೂ ವಿದ್ವತ್ತಿನ ಭಾಷೆಯಾಗಿರಲಿಲ್ಲ. ಲತೀನ್ ಮತ್ತು ಗ್ರೀಕ್ ಗ್ರಂಥಗಳನ್ನು ಅನುವಾದಿಸಿದವರು ಸಾವಿರಾರು ಪದಗಳನ್ನು ಆ ಭಾಷೆಗಳಿಂದ ಎತ್ತಿ ತಂದರು. ವಿರೋಧಿಗಳು ಇವನ್ನು 'ಇಂಕ್‌ಹಾರ್ನ್' ಪದಗಳು, ಅಂದರೆ ಮಸಿ ತುಂಬಿಡುವ ಕೊಂಬಿನಿಂದ ಬಂದ ಪದಗಳು, ಎಂದು ಹಳಿದರು. ಬರಹಗಾರನ ಮೇಜಿನ ಮೇಲೆ ಹುಟ್ಟಿದವು, ಜನರ ನಾಲಗೆಗೆ ಒಗ್ಗದವು ಎಂಬುದು ಆ ಹೀಯಾಳಿಕೆಯ ತಾತ್ಪರ್ಯ.

ಈ ವಾದ ಧರ್ಮಸಭೆಯೊಳಗೂ ಪ್ರವೇಶಿಸಿತು. 1542ರಲ್ಲಿ ವಿಂಚೆಸ್ಟರಿನ ಧರ್ಮಾಧ್ಯಕ್ಷ ಸ್ಟೀಫನ್ ಗಾರ್ಡಿನರ್ ಗುರುಗಳ ಮಹಾಸಭೆಯ ಮುಂದೆ ಸುಮಾರು 100 ಲತೀನ್ ಪದಗಳ ಪಟ್ಟಿಯನ್ನಿಟ್ಟು, ಆಂಗ್ಲ ಬೈಬಲಿನಲ್ಲಿ ಅವನ್ನು ಆದಷ್ಟು ಮೂಲರೂಪದಲ್ಲಿಯೇ ಉಳಿಸಬೇಕೆಂದು ಕೋರಿದರು. 'ಎಕ್ಲೇಸಿಯ', 'ಪೆನಿತೆನ್ಸಿಯ', 'ಸಾಕ್ರಮೆಂತುಂ' ಮುಂತಾದವು ಅದರಲ್ಲಿದ್ದವು. ಪದ ಬದಲಾದರೆ ಬೋಧನೆಯೂ ಬದಲಾದೀತು ಎಂಬ ಅವರ ಆತಂಕವನ್ನು ಹಗುರವಾಗಿ ಕಾಣಲಾಗದು. ಇದಕ್ಕೆ ಎದುರಾದ ತುದಿಯಲ್ಲಿ ಕೇಂಬ್ರಿಜಿನ ಗ್ರೀಕ್ ವಿದ್ವಾಂಸ ಸರ್ ಜಾನ್ ಚೀಕ್ ನಿಂತರು. 1550ರ ಸುಮಾರಿಗೆ ಮತ್ತಾಯನ ಶುಭಸಂದೇಶವನ್ನು ಅನುವಾದಿಸುವಾಗ ಅವರು 'ಸೆಂಚುರಿಯನ್' ಎಂಬಲ್ಲಿ 'ಹಂಡ್ರೆಡರ್' ಎಂದೂ, 'ರಿಸರೆಕ್ಷನ್' ಎಂಬಲ್ಲಿ 'ಗೇನ್‌ರೈಸಿಂಗ್' ಎಂದೂ ಅಚ್ಚ ಆಂಗ್ಲ ಪದಗಳನ್ನು ಕಟ್ಟಿದರು. ಅವರ ಅನುವಾದ 1843ರವರೆಗೆ ಅಚ್ಚಾಗಲೇ ಇಲ್ಲ. ಆ ಪದಗಳೂ ನೆಲೆಯೂರಲಿಲ್ಲ. ಅಚ್ಚ ದೇಶೀ ಪದವೆಂಬ ಮಾತ್ರಕ್ಕೆ ಜನ ಅದನ್ನು ಸ್ವೀಕರಿಸುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮೂರನೆಯ ದಾರಿಯೊಂದು ತೆರೆದದ್ದು ಒಂದು ಗುರುಮಠದಲ್ಲಿ. ಇಂಗ್ಲೆಂಡಿನಲ್ಲಿ ಕಥೋಲಿಕ ಗುರುಗಳ ತರಬೇತಿ ಅಸಾಧ್ಯವಾದಾಗ ವಿಲಿಯಂ ಅಲೆನ್ 1568ರಲ್ಲಿ ದುಯೇ ಪಟ್ಟಣದಲ್ಲಿ ಇಂಗ್ಲಿಷ್ ಕಾಲೇಜನ್ನು ಸ್ಥಾಪಿಸಿದರು. 1578ರಲ್ಲಿ ಅದು ಫ್ರಾನ್ಸಿನ ರ‍್ಯಾನ್ಸ್ ನಗರಕ್ಕೆ ಸ್ಥಳಾಂತರಗೊಂಡಿತು. ಅಲೆನ್ ಒಂದು ಪತ್ರದಲ್ಲಿ ತಮ್ಮವರ ಕೊರತೆಯೊಂದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಪವಿತ್ರ ಗ್ರಂಥವನ್ನು ಲತೀನಿನಲ್ಲಿ ಮಾತ್ರ ಓದಿ ಬೆಳೆದ ಕಥೋಲಿಕ ಗುರುಗಳು ಬೋಧಿಸುವಾಗ ಅದನ್ನು ನಿಂತಲ್ಲೇ ಆಂಗ್ಲಕ್ಕೆ ತಿರುಗಿಸಲು ಹೋಗಿ ತಡವರಿಸುತ್ತಾರೆ. ಎದುರಾಳಿಗಳಿಗಾದರೋ ಜನರ ಭಾಷೆಯ ಬೈಬಲ್ ಕಂಠಸ್ಥವಾಗಿದೆ. ಇದನ್ನು ಓದಿದಾಗ ನಮ್ಮ ತರಗತಿಗಳ ನೆನಪಾಗದೆ ಇರದು. ಅಂದು ಲತೀನ್ ಇದ್ದ ಸ್ಥಾನದಲ್ಲಿ ಇಂದು ಆಂಗ್ಲವಿದೆ. ಅಂದು ಆಂಗ್ಲವಿದ್ದ ಸ್ಥಾನದಲ್ಲಿ ಕನ್ನಡವಿದೆ.

ಈ ಕೊರತೆಯನ್ನು ನೀಗಲು ಗ್ರೆಗರಿ ಮಾರ್ಟಿನ್ ಲತೀನ್ ವುಲ್ಗಾತದಿಂದ ಅನುವಾದಿಸಿದ ಹೊಸ ಒಡಂಬಡಿಕೆ 1582ರಲ್ಲಿ ರ‍್ಯಾನ್ಸಿನಲ್ಲಿ ಅಚ್ಚಾಯಿತು. ಅದು ಲತೀನ್ ಪದಗಳನ್ನು ಧಾರಾಳವಾಗಿ ಉಳಿಸಿಕೊಂಡಿತು. ಆದರೆ ಜೊತೆಗೆ, ಸಾಮಾನ್ಯ ಓದುಗನಿಗೆ ಪರಿಚಯವಿಲ್ಲದ ಪದಗಳ ವಿವರಣಾ ಪಟ್ಟಿಯನ್ನೂ ನೀಡಿತು. ಆ ಪಟ್ಟಿಯಲ್ಲಿದ್ದ 'ಇವಾಂಜಲೈಸ್', 'ನಿಯೋಫೈಟ್', 'ಕೋಆಪರೇಟ್', 'ವಿಕ್ಟಿಮ್' ಇಂದು ಆಂಗ್ಲದಲ್ಲಿ ರೂಢವಾಗಿವೆ. 'ಎಕ್ಸಿನನೈಟೆಡ್' ಎಂಬುದು ಮಾತ್ರ ಉಳಿಯಲಿಲ್ಲ. ಕ್ರಿಸ್ತನು ದಾಸನ ರೂಪವನ್ನು ಧರಿಸಿ ತನ್ನನ್ನೇ ಬರಿದುಮಾಡಿಕೊಂಡನೆಂದು ಸಾರುವ ಫಿಲಿಪ್ಪಿಯರ ಪತ್ರದ ಎರಡನೆಯ ಅಧ್ಯಾಯದಲ್ಲಿ ಬಂದ ಪದವದು. ದೇವರು ನಮ್ಮ ಮಟ್ಟಕ್ಕೆ ಇಳಿದ ರಹಸ್ಯವನ್ನು ಹೇಳಬೇಕಾದ ಪದವೇ ಜನರ ಮಟ್ಟಕ್ಕೆ ಇಳಿಯಲಿಲ್ಲ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಧರ್ಮಾಧ್ಯಕ್ಷ ರಿಚರ್ಡ್ ಚಾಲನರ್ ಈ ಅನುವಾದವನ್ನು ಪರಿಷ್ಕರಿಸಿದಾಗ ಅಲ್ಲಿ, ಬರಿದುಮಾಡಿಕೊಂಡನು ಎಂಬರ್ಥದ ಸರಳ ಆಂಗ್ಲ ಪದವೇ ಬಂದು ಕುಳಿತಿತು.

ಕಠಿಣ ಪದದೊಡನೆ ಅದರ ವಿವರಣೆಯನ್ನೂ ಕೊಡುವ ಈ ಕ್ರಮ ಆಂಗ್ಲಿಕನ್ ಧರ್ಮಸಭೆಯ ರಾಬರ್ಟ್ ಕಾಡ್ರಿಯವರ ಕೈಯಲ್ಲಿ ಸ್ವತಂತ್ರ ಗ್ರಂಥವಾಯಿತು. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ರಟ್ಲೆಂಡ್ ಪ್ರಾಂತದಲ್ಲಿ ಶಾಲಾಶಿಕ್ಷಕರಾಗಿ, ಅನಂತರ ಸೌತ್ ಲಫನ್‌ಹ್ಯಾಮ್ ಗ್ರಾಮದ ಗುರುವಾಗಿ ಸೇವೆ ಸಲ್ಲಿಸಿದವರು. ಪ್ಯೂರಿಟನ್ ಒಲವಿನ ಅವರು ಅಧಿಕೃತ ಪ್ರಾರ್ಥನಾ ಗ್ರಂಥದ ವಿರುದ್ಧ ಮಾತನಾಡಿ ಹುದ್ದೆಯನ್ನು ಕಳೆದುಕೊಂಡರು. ನ್ಯಾಯಾಲಯದಲ್ಲಿ ಹೋರಾಡಿ 1591ರಲ್ಲಿ ಸೋತರು. ಬೋಧನಾ ಪೀಠವನ್ನು ಕಳೆದುಕೊಂಡ ಈ ಬೋಧಕ 1604ರಲ್ಲಿ 'ಎ ಟೇಬಲ್ ಆಲ್ಫಬೆಟಿಕಲ್' ಎಂಬ ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಆಂಗ್ಲ ಪದಗಳಿಗೆ ಆಂಗ್ಲದಲ್ಲಿಯೇ ಅರ್ಥ ಹೇಳಿದ ಮೊದಲ ನಿಘಂಟೆಂದು ಚರಿತ್ರಕಾರರು ಅದನ್ನು ಗುರುತಿಸುತ್ತಾರೆ. ಮೊದಲ ಮುದ್ರಣದ ಪ್ರತಿ ಒಂದೇ ಒಂದು ಉಳಿದಿದ್ದು, ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಅದರಲ್ಲಿರುವುದು ಸುಮಾರು 2,500 ಪದಗಳು ಮಾತ್ರ, ಎಲ್ಲವೂ ಕಠಿಣವಾದವು. ಹೆಚ್ಚಿನವಕ್ಕೆ ಅರ್ಥ ಒಂದೆರಡು ಸರಳ ಪದಗಳಲ್ಲಿದೆ. ಪುಸ್ತಕ ಯಾರಿಗಾಗಿ ಎಂಬುದನ್ನು ಮುಖಪುಟವೇ ಸಾರುತ್ತದೆ: ಪವಿತ್ರ ಗ್ರಂಥದಲ್ಲಿ, ಪ್ರಬೋಧನೆಯಲ್ಲಿ ಕಠಿಣ ಪದ ಕೇಳಿ ಅರ್ಥವಾಗದೆ ಉಳಿಯುವ ಸ್ತ್ರೀಯರಿಗಾಗಿ ಮತ್ತು ವಿಶೇಷ ವಿದ್ಯೆಯಿಲ್ಲದ ಇತರರಿಗಾಗಿ. ಅಕ್ಷರಕ್ರಮದಲ್ಲಿ ಪದ ಹುಡುಕುವ ಬಗೆಯನ್ನೂ ಕಾಡ್ರಿ ತಾಳ್ಮೆಯಿಂದ ಕಲಿಸುತ್ತಾರೆ. ಮುನ್ನುಡಿಯಲ್ಲಾದರೋ ಅವರು ಬೋಧಕರತ್ತ ತಿರುಗುತ್ತಾರೆ. ಥಾಮಸ್ ವಿಲ್ಸನ್ ತಮ್ಮ 1553ರ ಅಲಂಕಾರಶಾಸ್ತ್ರ ಗ್ರಂಥದಲ್ಲಿ ಹೇಳಿದ್ದನ್ನು ಎತ್ತಿಕೊಂಡು, ಸಾರ್ವಜನಿಕವಾಗಿ ಮಾತನಾಡುವವರು, ಅದರಲ್ಲೂ ವಿಶೇಷವಾಗಿ ಬೋಧಕರು, ಮಸಿಕೊಂಬಿನ ಪದಗಳ ಹಂಬಲವನ್ನು ಬಿಟ್ಟು ಕೇವಲ ಪಾಮರನಿಗೂ ತಿಳಿಯುವಂತೆ ಮಾತನಾಡಬೇಕೆಂದು ಎಚ್ಚರಿಸುತ್ತಾರೆ.

ಇಲ್ಲಿ ಗಮನಾರ್ಹವಾದುದು ಕಾಡ್ರಿಯ ಎರಡು ಮುಖಗಳ ಕೆಲಸ. ಒಂದು ಕೈಯಿಂದ ಕೇಳುಗನಿಗೆ ಕಠಿಣ ಪದಗಳ ಅರ್ಥವನ್ನು ಕಲಿಸುತ್ತಾರೆ. ಇನ್ನೊಂದು ಕೈಯಿಂದ ಬೋಧಕನನ್ನು ತಡೆಯುತ್ತಾರೆ. ಇದರಲ್ಲಿ ವಿರೋಧವಿಲ್ಲವೆಂದು ನಮ್ಮ ಭಾವನೆ. ಕೆಲವು ಪದಗಳಿಲ್ಲದೆ ವಿಶ್ವಾಸದ ರಹಸ್ಯಗಳನ್ನು ನಿಷ್ಕೃಷ್ಟವಾಗಿ ಹೇಳಲಾಗದು. ಗಾರ್ಡಿನರ್ ಅದನ್ನು ಕಂಡಿದ್ದರು. ಆದರೆ ಅಂತಹ ಪ್ರತಿ ಪದವೂ ಬೋಧಕನ ಮೇಲೆ ಒಂದು ಋಣವನ್ನು ಹೊರಿಸುತ್ತದೆ. ಅದನ್ನು ತೀರಿಸಬೇಕಾದವನು ಆಡಿದವನೇ ಹೊರತು ಕೇಳಿದವನಲ್ಲ.

ನಮ್ಮ ನಾಡಿನಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಾಗ ಪ್ರತಿ ನಮೂದಿನಲ್ಲೂ ಮೊದಲು ನಿಂತದ್ದು ಕನ್ನಡದ ಪದ. ಬೋಧಿಸಲು ಬಂದವರು ಮೊದಲು ಕೇಳುಗರ ಮಾತನ್ನು ಕಲಿತರು. ನಾವಾದರೋ ಕೇಳುಗರ ಮನೆಯಿಂದಲೇ ಬಂದವರು. ಆ ಮಾತನ್ನು ನಡುವೆ ಮರೆತಿದ್ದರೆ ತಪ್ಪು ಆಂಗ್ಲದ್ದಲ್ಲ. ಆಂಗ್ಲ ಪದದ ಸ್ಥಾನದಲ್ಲಿ ಅಷ್ಟೇ ದುರ್ಬೋಧವಾದ ಸಂಸ್ಕೃತ ಪದವನ್ನಿಟ್ಟರೂ ಋಣ ತೀರದು, ಅದೂ ಮಸಿಕೊಂಬಿನದೇ.

ಆದ್ದರಿಂದ ಗುರುವಿದ್ಯಾರ್ಥಿಗಳಿಗೆ ನಮ್ಮ ವಿನಂತಿ ಇಷ್ಟೇ. ಕಠಿಣ ಆಂಗ್ಲ ಪದಗಳನ್ನು ಶ್ರದ್ಧೆಯಿಂದ ಕಲಿಯಿರಿ. ಅವುಗಳಿಲ್ಲದೆ ವಿಶಾಲವಾದ ದೈವಶಾಸ್ತ್ರ ಸಾಹಿತ್ಯ ನಿಮಗೆ ಮುಚ್ಚಿದ ಬಾಗಿಲಾದೀತು. ಆದರೆ ಟಿಪ್ಪಣಿ ಪುಸ್ತಕದಲ್ಲಿ ಮೂರನೆಯ ಸಾಲೊಂದನ್ನು ಎಳೆದುಕೊಳ್ಳಿ. ನಿಮ್ಮ ತಾಯಿಗೆ ಈ ಮಾತನ್ನು ಹೇಗೆ ಹೇಳುವಿರೆಂಬುದನ್ನು ಅಲ್ಲಿ ಬರೆಯಿರಿ. ಆ ಸಾಲು ಖಾಲಿ ಉಳಿದಿರುವವರೆಗೆ ಪದದ ಅರ್ಥ ತಿಳಿದಿದೆಯೆಂದು ಭಾವಿಸಬೇಡಿ. ಪರಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ಅರ್ಥವಾಗುವ ಐದೇ ಮಾತುಗಳು ಮೇಲೆಂದು ಸಂತ ಪೌಲರು ಕೊರಿಂಥದ ಸಭೆಗೆ ತಿಳಿಸಿದ್ದು, ನೆರೆದವರಿಗೆ ಉಪದೇಶವಾಗಬೇಕೆಂಬ ಈ ಕಾರಣಕ್ಕಾಗಿಯೇ.