ಮುಸುಕಿನ ಜೋಳ ನುಡಿದ ಸಾಕ್ಷ್ಯ



ಮಗುವಿನಲ್ಲಿ ಅಜ್ಜನ ಮೂಗನ್ನೂ ಅಜ್ಜಿಯ ಕಣ್ಣನ್ನೂ ಗುರುತಿಸುವುದು ನಮ್ಮ ಮನೆಗಳ ವಾಡಿಕೆ. ಈ ಬೆರಕೆಯ ಒಂದು ಮುಖ್ಯ ಗುಟ್ಟು ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿದೆ. ಆಗ ಜೋಡಿ ವರ್ಣತಂತುಗಳು ಪರಸ್ಪರ ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆ. ಪಠ್ಯದಲ್ಲಿ ಒಂದೇ ಸಾಲಾಗಿರುವ ಈ ಸಂಗತಿಯ ಹಿಂದೆ ದೀರ್ಘ ಇತಿಹಾಸವಿದೆ.

1909ರಲ್ಲಿ ಬೆಲ್ಜಿಯಂನ ಯಾನ್ಸೆನ್ಸ್ ಇಂಥ ವಿನಿಮಯವನ್ನು ಊಹಿಸಿದರು. ಅಮೆರಿಕದ ಮಾರ್ಗನ್ ಆ ಊಹೆಯಿಂದ ಹಣ್ಣುನೊಣಗಳ ಅನುವಂಶೀಯತೆಯನ್ನು ವಿವರಿಸಿದರು. ಆದರೆ ಪ್ರತ್ಯಕ್ಷ ಪ್ರಮಾಣ ದೊರೆತದ್ದು 1931ರಲ್ಲಿ. ಅದನ್ನು ಒದಗಿಸಿದವರು ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಮಹಿಳೆಯರು: ಬಾರ್ಬರಾ ಮೆಕ್‌ಲಿಂಟಾಕ್ ಮತ್ತು ಸಂಶೋಧನ ವಿದ್ಯಾರ್ಥಿನಿ ಹ್ಯಾರಿಯೆಟ್ ಕ್ರೈಟನ್.

ಅವರು ಆರಿಸಿಕೊಂಡ ಮುಸುಕಿನ ಜೋಳದ ಒಂಬತ್ತನೆಯ ವರ್ಣತಂತುವಿನ ಒಂದು ತುದಿಯಲ್ಲಿ ಗಂಟಿತ್ತು. ಇನ್ನೊಂದು ತುದಿಗೆ ಬೇರೊಂದು ವರ್ಣತಂತುವಿನ ತುಂಡು ಅಂಟಿತ್ತು. ಕಾಳಿನ ಬಣ್ಣ ಮತ್ತು ಪಿಷ್ಟದ ಗುಣವನ್ನು ನಿರ್ಧರಿಸುವ ವಂಶವಾಹಿಗಳು ಇವುಗಳ ನಡುವೆ ಇದ್ದವು. ಆ ಗುಣಗಳು ಹೊಸದಾಗಿ ಬೆರೆತ ಗಿಡಗಳಲ್ಲಿ ಸೂಕ್ಷ್ಮದರ್ಶಕದಡಿ ಗಂಟೂ ತುಂಡೂ ಅಗಲಿರುವುದು ಕಂಡಿತು. ಬೇಗ ಪ್ರಕಟಿಸುವಂತೆ ಮಾರ್ಗನ್ನರೇ ಒತ್ತಾಯಿಸಿದರು. ಅದೇ ವರ್ಷ ಕರ್ಟ್ ಸ್ಟರ್ನ್ ನೊಣಗಳಲ್ಲಿಯೂ ಇದನ್ನೇ ತೋರಿಸಿದರು.

ಈ ವಿನಿಮಯವನ್ನು ನಿಯಂತ್ರಿಸುವವರಾರು? ಉತ್ತರ ಪ್ರೋಟೀನುಗಳಲ್ಲಿದೆ. ಎಸ್‌ಪಿಒ11 ಎಂಬುದು ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆಂದು 1997ರಲ್ಲಿ ಯೀಸ್ಟ್‌ನಲ್ಲಿ ತಿಳಿಯಿತು. ಸಸ್ಯಗಳಲ್ಲಿಯೂ ಅದರ ಬಂಧುಗಳಿವೆ. ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ನೂರಕ್ಕೂ ಹೆಚ್ಚು ಕಡಿತಗಳಾದರೂ ವಿನಿಮಯವಾಗಿ ಮುಗಿಯುವವು ಸುಮಾರು ಹತ್ತು ಮಾತ್ರ. ಉಳಿದವು ಹಾಗೆಯೇ ದುರಸ್ತಿಯಾಗುತ್ತವೆ. ಎಫ್‌ಎಎನ್‌ಸಿಎಂ ಎಂಬ ಪ್ರೋಟೀನು ಇಲ್ಲಿ ಕಡಿವಾಣ. ಅದು ಕೆಟ್ಟರೆ ವಿನಿಮಯ ಮೂರು ಪಟ್ಟಾಗುವುದನ್ನು 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡರು. ಇದಕ್ಕೆ ಪ್ರತಿಯಾಗಿ, ಎಚ್‌ಇಐ10 ಹೆಚ್ಚಿದರೆ ವಿನಿಮಯವೂ ಹೆಚ್ಚುವುದೆಂದು 2017ರಲ್ಲಿ ತಿಳಿಯಿತು.

ಇದು ಬರಿಯ ಪಾಂಡಿತ್ಯವಲ್ಲ. ಕಾಡುತಳಿಯಿಂದ ರೋಗನಿರೋಧಕ ವಂಶವಾಹಿಯನ್ನು ಬೆಳೆಗೆ ತರುವಾಗ ಅದರ ನೆರೆಯ ಬೇಡದ ಗುಣಗಳೂ ಜೊತೆಗೇ ಬರುತ್ತವೆ. ಅವನ್ನು ಬೇರ್ಪಡಿಸಲು ಸರಿಯಾದ ಜಾಗದಲ್ಲಿ ವಿನಿಮಯ ನಡೆಯಬೇಕು. ಅದಕ್ಕಾಗಿ ತಳಿತಜ್ಞರು ಅನೇಕ ತಲೆಮಾರು ಕಾಯುತ್ತಾರೆ. ಆ ಕಾಯುವಿಕೆಯನ್ನು ಕಿರಿದಾಗಿಸುವ ದಾರಿಯನ್ನು ಈ ಪ್ರೋಟೀನುಗಳಲ್ಲಿ ಅರಸಲಾಗುತ್ತಿದೆ.

ಮೆಕ್‌ಲಿಂಟಾಕ್‌ಗೆ 1983ರಲ್ಲಿ ನೊಬೆಲ್ ದೊರೆತದ್ದು ಜೋಳದಲ್ಲಿಯೇ ಅವರು ಕಂಡ ಚಲಿಸುವ ವಂಶವಾಹಿಗಳಿಗಾಗಿ. ಒಂದು ತೆನೆಯ ಕಾಳುಗಳನ್ನು ತಾಳ್ಮೆಯಿಂದ ನೋಡುವುದೂ ವಿಜ್ಞಾನವೇ. ನಿಮ್ಮ ಮಕ್ಕಳಿಗೆ ಈ ಇಬ್ಬರ ಕಥೆಯನ್ನು ಹೇಳಿರಿ.