ಪ್ರೌಢಶಾಲಾ ಗಣಿತ ಶಿಕ್ಷಕರ ಬೋಧನಾ ನಾಯಕತ್ವ

ತಾವು ಗಣಿತ ಪಾಠ ಮಾಡುತ್ತಲೇ, ಅದೇ ವಿಷಯ ಕಲಿಸುವ ಇತರ ಶಿಕ್ಷಕರ ಪಾಠವೂ ಸುಧಾರಿಸುವಂತೆ ಅವರ ಜೊತೆ ಕೂತು ಕೆಲಸ ಮಾಡುವ ಅನುಭವಿ ಶಿಕ್ಷಕರ ಹೊಣೆಗೆ ಬೋಧನಾ ನಾಯಕತ್ವ ಎಂದು ಹೆಸರು. ಹಾಜರಿ, ಅನುದಾನ, ಕಟ್ಟಡ, ಬಿಸಿಯೂಟದ ಲೆಕ್ಕ ಇದರ ವ್ಯಾಪ್ತಿಗೆ ಬರುವುದಿಲ್ಲ. ಪಾಠಯೋಜನೆಯನ್ನು ಕೂಡಿ ರೂಪಿಸುವುದು, ತರಗತಿಯಲ್ಲಿ ಕೂತು ನೋಡುವುದು, ಉತ್ತರಪತ್ರಿಕೆಗಳಲ್ಲಿನ ತಪ್ಪುಗಳ ಜಾಡು ಹಿಡಿಯುವುದು, ಪಾಠ ಮುಗಿದ ಮೇಲೆ ಅದರ ಬಗ್ಗೆ ಮಾತಾಡುವುದು ಇದರ ತಿರುಳು. ಗಣಿತ ಚೆನ್ನಾಗಿ ಹೇಳಿಕೊಡುವ ಮೇಷ್ಟ್ರು ಅಷ್ಟರಿಂದಲೇ ಒಳ್ಳೆಯ ಮಾರ್ಗದರ್ಶಕರಾಗುವುದಿಲ್ಲ. ಮಕ್ಕಳಿಗೆ ಕಲಿಸುವ ಕೌಶಲವೇ ಬೇರೆ, ಕಲಿಸುವವರ ಜೊತೆ ದುಡಿಯುವ ಕೌಶಲವೇ ಬೇರೆ. ಆದ್ದರಿಂದ ಈ ಹೊಣೆಗೆ ಪ್ರತ್ಯೇಕ ತರಬೇತಿ ಬೇಕು. ತರಬೇತಿಯ ನಂತರವೂ ವರ್ಷಗಟ್ಟಲೆ ಮುಂದುವರಿಯುವ ಒಡನಾಟ ಬೇಕು.

ಹಿನ್ನೆಲೆ

1970ರ ದಶಕದ ಕೊನೆಯಲ್ಲಿ ಅಮೆರಿಕದ ರೊನಾಲ್ಡ್ ಎಡ್ಮಂಡ್ಸ್ ಮೊದಲಾದ ಸಂಶೋಧಕರು, ಬಡ ಮಕ್ಕಳು ಓದುವ ಶಾಲೆಗಳಲ್ಲಿ ಕೆಲವು ಮಾತ್ರ ಚೆನ್ನಾಗಿ ಕಲಿಸಲು ಕಾರಣವೇನೆಂದು ಹುಡುಕಿ, ಮುಖ್ಯಶಿಕ್ಷಕರ ಪಾತ್ರವನ್ನು ಎತ್ತಿ ತೋರಿಸಿದರು. 1980ರ ದಶಕದಲ್ಲಿ ಫಿಲಿಪ್ ಹ್ಯಾಲಿಂಜರ್ ಅದನ್ನು ಅಳೆಯುವ ಪ್ರಶ್ನಾವಳಿಯನ್ನೇ ರೂಪಿಸಿದರು. ಆ ಕಾಲಕ್ಕೆ ಬೋಧನಾ ನಾಯಕ ಎಂದರೆ ಮುಖ್ಯಶಿಕ್ಷಕ. ಪ್ರೌಢಶಾಲೆಯಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ಇತಿಹಾಸ ಓದಿ ಬಂದ ಮುಖ್ಯಶಿಕ್ಷಕರು ಗಣಿತ ತರಗತಿಗೆ ಹೋದರೆ ಶಿಸ್ತು, ಹಲಗೆಯ ಬರಹ, ಮಕ್ಕಳ ಗಮನ ಇವನ್ನು ಗುರುತಿಸಬಲ್ಲರು. 2ರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸುವಾಗ ತರಗತಿ ಯಾವ ಹೆಜ್ಜೆಯಲ್ಲಿ ಎಳೆ ಕಳೆದುಕೊಂಡಿತು ಎಂಬುದು ಅವರ ಗಮನಕ್ಕೆ ಬರುವುದು ಕಷ್ಟ.

ವಿಷಯಜ್ಞಾನದ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಲೀ ಶುಲ್ಮನ್. ಒಂದು ವಿಷಯವನ್ನು ಬಲ್ಲವರ ತಿಳಿವಳಿಕೆಗೂ ಅದನ್ನು ಕಲಿಸುವವರ ತಿಳಿವಳಿಕೆಗೂ ವ್ಯತ್ಯಾಸವಿದೆ ಎಂದು ಅವರು 1986ರ ಲೇಖನದಲ್ಲಿ ವಾದಿಸಿದರು. ಡೆಬೊರಾ ಬಾಲ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಗಣಿತಕ್ಕೆ ಅನ್ವಯಿಸಿ ವಿವರಿಸಿದರು. ಎ ಮತ್ತು ಬಿ ಮೊತ್ತದ ವರ್ಗವನ್ನು ವಿದ್ಯಾರ್ಥಿಯೊಬ್ಬ ಎ ವರ್ಗ, ಬಿ ವರ್ಗಗಳ ಮೊತ್ತ ಎಂದು ಬರೆದರೆ, ಅದು ತಪ್ಪೆಂದು ಯಾವ ಎಂಜಿನಿಯರಾದರೂ ಹೇಳಿಯಾರು. ಮೊತ್ತವನ್ನು 2ರಿಂದ ಗುಣಿಸುವಾಗ ಸರಿಹೋದ ನಿಯಮವನ್ನೇ ಹುಡುಗ ವರ್ಗಕ್ಕೂ ಎಳೆದಿದ್ದಾನೆ ಎಂದು ಊಹಿಸುವುದು, 2 ಮತ್ತು 3 ಆದೇಶಿಸಿ 25 ಎಲ್ಲಿ 13 ಎಲ್ಲಿ ಎಂದು ಅವನೇ ಕಾಣುವಂತೆ ಮಾಡುವುದು, ಆಮೇಲೆ ಚೌಕದ ಚಿತ್ರದಲ್ಲಿ ಉಳಿದುಹೋದ ಎರಡು ಆಯತಗಳನ್ನು ತೋರಿಸುವುದು ಶಿಕ್ಷಕರ ವಿದ್ಯೆ. ಬೋಧನಾ ನಾಯಕರ ಅಧಿಕಾರಕ್ಕೆ ಆಧಾರ ಈ ವಿದ್ಯೆಯೇ ಹೊರತು ಹುದ್ದೆಯಲ್ಲ.

ತರಬೇತಿ ಮತ್ತು ಒಡನಾಟ

ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರಲ್ಲಿ ಸೇವಾನಿರತ ತರಬೇತಿಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸ, ಹಿಮ್ಮಾಹಿತಿ ಇಷ್ಟರಿಂದ ಶಿಕ್ಷಕರು ಹೊಸ ವಿಧಾನವನ್ನು ಅರಿಯುತ್ತಾರೆ. ಅದು ಅವರ ತರಗತಿಯಲ್ಲಿ ನೆಲೆಯೂರಬೇಕಾದರೆ ಅಲ್ಲಿಗೇ ಬಂದು ಜೊತೆ ನಿಲ್ಲುವವರು ಬೇಕು ಎಂಬುದು ಅವರ ವಾದ. ಐದು ದಿನದ ತರಬೇತಿ ಮುಗಿಸಿ, ಕೈಪಿಡಿ ಹಿಡಿದು ಬಂದು, ಸೋಮವಾರ ಮತ್ತೆ ಹಳೆಯ ಪಾಠವನ್ನೇ ಮಾಡುವ ಅನುಭವ ನಮ್ಮ ಶಿಕ್ಷಕರಿಗೆ ಹೊಸದೇನಲ್ಲ. ತಪ್ಪು ಅವರದಲ್ಲ. ಹೊಸ ವಿಧಾನದ ಮೊದಲ ಪಾಠ ಸಾಮಾನ್ಯವಾಗಿ ಹಳೆಯದಕ್ಕಿಂತ ಕೆಟ್ಟದಾಗಿರುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಹಿಂದಿರುಗುವುದೇ ಸಹಜ.

ಗಣಿತಕ್ಕೆ ಹೊಂದುವ ಒಡನಾಟದ ಕ್ರಮವನ್ನು ಲೂಸಿ ವೆಸ್ಟ್ ಮತ್ತು ಫ್ರಿಟ್ಸ್ ಸ್ಟಾಬ್ 2003ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದಕ್ಕೆ ಮೂರು ಹಂತ: ಪಾಠಕ್ಕೆ ಮೊದಲು ಮಾತುಕತೆ, ಪಾಠ, ಪಾಠದ ನಂತರ ಮಾತುಕತೆ. ಹೆಚ್ಚಿನ ಕೆಲಸ ನಡೆಯುವುದು ಮೊದಲ ಹಂತದಲ್ಲಿ. ಮುಗಿದ ಪಾಠದ ಬಗ್ಗೆ ಏನೇ ಹೇಳಿದರೂ ಅದು ತೀರ್ಪಿನಂತೆ ಕೇಳಿಸುತ್ತದೆ. ನಾಳೆಯ ಪಾಠದ ಬಗ್ಗೆ ಕೂಡಿ ಯೋಚಿಸಿದರೆ ಅದರ ಹೊಣೆ ಇಬ್ಬರದೂ ಆಗುತ್ತದೆ.

ಹತ್ತನೇ ತರಗತಿಯ ಥೇಲ್ಸ್ ಪ್ರಮೇಯವನ್ನು ನೋಡಿ. ತ್ರಿಭುಜ ಎಬಿಸಿಯಲ್ಲಿ ಬಿಸಿ ಬಾಹುವಿಗೆ ಸಮಾಂತರವಾಗಿ ಎಳೆದ ಡಿಇ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ಪರೀಕ್ಷೆಯಲ್ಲಿ ನಿರೂಪಿಸಿ ಸಾಧಿಸಿ ಎಂದು ಕೇಳಬಹುದಾದ ಪ್ರಮೇಯವಾದ್ದರಿಂದ ಮಕ್ಕಳು ಇದನ್ನು ಪದ್ಯದಂತೆ ಬಾಯಿಪಾಠ ಮಾಡುತ್ತಾರೆ. ಚಿತ್ರದ ಅಕ್ಷರ ಬದಲಾದರೆ ದಾರಿ ತಪ್ಪುತ್ತಾರೆ. ತರಬೇತಾದ ಮಾರ್ಗದರ್ಶಕರು ಇಲ್ಲಿ ಚಟುವಟಿಕೆ ಮಾಡಿಸಿ, ಗುಂಪು ಮಾಡಿ ಎಂಬ ಸಾಮಾನ್ಯ ಸಲಹೆಯಿಂದ ಶುರು ಮಾಡುವುದಿಲ್ಲ. ಅವರು ಕೇಳುವುದು ಇಂಥ ಪ್ರಶ್ನೆ: “ಮೇಡಂ, ಡಿಇ ಸಮಾಂತರ ಅನ್ನುವ ದತ್ತಾಂಶ ಈ ಸಾಧನೆಯಲ್ಲಿ ಯಾವ ಸಾಲಿನಲ್ಲಿ ಬಳಕೆ ಆಗುತ್ತೆ? ಅದನ್ನ ಮಕ್ಕಳೇ ಕಂಡುಹಿಡಿಯೋ ಹಾಗೆ ಮಾಡೋದು ಹೇಗೆ?”

ಉತ್ತರ ಹುಡುಕುತ್ತಾ ಹೋದರೆ ಸಾಧನೆಯ ಮೈಕಟ್ಟು ಬಿಚ್ಚಿಕೊಳ್ಳುತ್ತದೆ. ಎಡಿಇ ಮತ್ತು ಬಿಡಿಇ ತ್ರಿಭುಜಗಳಿಗೆ ಎತ್ತರ ಒಂದೇ ಆದ್ದರಿಂದ ಅವುಗಳ ವಿಸ್ತೀರ್ಣಗಳ ಅನುಪಾತವು ಎಡಿ, ಡಿಬಿ ಉದ್ದಗಳ ಅನುಪಾತಕ್ಕೆ ಸಮ. ಇನ್ನೊಂದು ಪಕ್ಕದಲ್ಲೂ ಹಾಗೆಯೇ. ಇವೆರಡಕ್ಕೂ ಸಮಾಂತರತೆ ಬೇಕಿಲ್ಲ. ಯಾವ ಅಡ್ಡರೇಖೆ ಎಳೆದರೂ ಇವು ನಿಜ. ಬಿಡಿಇ ಮತ್ತು ಸಿಡಿಇ ತ್ರಿಭುಜಗಳ ವಿಸ್ತೀರ್ಣ ಸಮ ಎನ್ನುವ ಒಂದೇ ಹೆಜ್ಜೆಗೆ ಸಮಾಂತರತೆ ಬೇಕು: ಪಾದ ಡಿಇ ಎರಡಕ್ಕೂ ಒಂದೇ, ಎರಡೂ ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ. ಇಷ್ಟು ತಿಳಿದ ಶಿಕ್ಷಕರು ಪಾಠವನ್ನು ಬೇರೆ ರೀತಿ ಯೋಜಿಸುತ್ತಾರೆ. ಜಿಯೋಜೀಬ್ರಾ ತಂತ್ರಾಂಶದಲ್ಲಿ ಇ ಬಿಂದುವನ್ನು ತುಸು ಸರಿಸಿ ರೇಖೆಯನ್ನು ಓರೆ ಮಾಡಿ, ಯಾವ ಸಮತೆ ಉಳಿಯಿತು, ಯಾವುದು ಮುರಿಯಿತು ಎಂದು ಮಕ್ಕಳನ್ನೇ ಕೇಳಬಹುದು. ಗಣಕಯಂತ್ರವಿಲ್ಲದ ಶಾಲೆಯಲ್ಲಿ ಹಲಗೆಯ ಮೇಲೆ ಎರಡು ಚಿತ್ರ ಸಾಕು.

ಪಾಠ ನಡೆಯುವಾಗ ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಬೇಕಾದದ್ದು ಮಕ್ಕಳನ್ನು. ಯಾರು ಯಾವ ಸಾಲಿನಲ್ಲಿ ಪೆನ್ನು ನಿಲ್ಲಿಸಿದರು, ಯಾವ ತಪ್ಪು ಹಲವರ ಪುಸ್ತಕದಲ್ಲಿ ಮರುಕಳಿಸಿತು, ಶಿಕ್ಷಕಿ ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದರು ಎಂಬ ಟಿಪ್ಪಣಿ ನಂತರದ ಮಾತುಕತೆಗೆ ಸಾಮಗ್ರಿ. ಚೆನ್ನಾಗಿತ್ತು, ಇನ್ನೂ ಸ್ವಲ್ಪ ಸುಧಾರಿಸಬಹುದು ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಹೊಸ ಮಾರ್ಗದರ್ಶಕರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಒಂದೋ ಸಂಕೋಚದಿಂದ ಹೊಗಳಿ ಮುಗಿಸುತ್ತಾರೆ, ಇಲ್ಲವೇ ತಾವೇ ಸೀಮೆಸುಣ್ಣ ಹಿಡಿದು ಪಾಠ ಮಾಡಿ ತೋರಿಸುತ್ತಾರೆ. ಆದ್ದರಿಂದ ಮಾರ್ಗದರ್ಶಕರ ತರಬೇತಿಯಲ್ಲಿ ಪಾಠದ ವಿಡಿಯೊಗಳನ್ನು ನೋಡಿ ಟಿಪ್ಪಣಿ ಬರೆಯುವುದು, ಸಂಭಾಷಣೆಯನ್ನು ಅಭಿನಯಿಸಿ ಅಭ್ಯಾಸ ಮಾಡುವುದು, ಅವರ ಮಾತುಕತೆಗೆ ಹಿರಿಯ ಮಾರ್ಗದರ್ಶಕರೊಬ್ಬರು ಸಾಕ್ಷಿಯಾಗಿ ಕೂತು ಸಲಹೆ ಕೊಡುವುದು ಮುಖ್ಯ ಭಾಗವಾಗಬೇಕು.

ಬೇರೆ ದೇಶಗಳ ಪದ್ಧತಿಗಳು

ಈ ಕೆಲಸದಲ್ಲಿ ಹಳೆಯ, ಗಟ್ಟಿಯಾದ ಪರಂಪರೆ ಜಪಾನಿನದು. ಅಲ್ಲಿನ ಜುಗ್ಯೋ ಕೆಂಕ್ಯು ಎಂಬ ಪಾಠ ಅಧ್ಯಯನ ಪದ್ಧತಿಯಲ್ಲಿ ಶಿಕ್ಷಕರ ಗುಂಪು ವಾರಗಟ್ಟಲೆ ಕೂತು ಒಂದೇ ಒಂದು ಪಾಠವನ್ನು ರೂಪಿಸುತ್ತದೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಮಕ್ಕಳ ನಡುವೆ ನಿಂತು ನೋಡುತ್ತಾರೆ, ಅದೇ ದಿನ ಚರ್ಚೆ ನಡೆಯುತ್ತದೆ, ಕೊನೆಗೆ ಹೊರಗಿನಿಂದ ಬಂದ ತಜ್ಞರೊಬ್ಬರು ಮಾತಾಡುತ್ತಾರೆ. ಯಾವ ಸಂಖ್ಯೆಯಿಂದ ಲೆಕ್ಕ ಆರಂಭಿಸಬೇಕು, ಯಾವ ವಿದ್ಯಾರ್ಥಿಯ ಪರಿಹಾರವನ್ನು ಮೊದಲು ಹಲಗೆಗೆ ಕರೆಯಬೇಕು, ಪಾಠ ಮುಗಿದಾಗ ಹಲಗೆಯ ಮೇಲೆ ಏನೇನು ಉಳಿದಿರಬೇಕು ಎಂಬುದೂ ಯೋಜನೆಯ ಭಾಗ. ಜರ್ಮನಿ, ಜಪಾನ್, ಅಮೆರಿಕಗಳ ಎಂಟನೇ ತರಗತಿಯ ಗಣಿತ ಪಾಠಗಳ ವಿಡಿಯೊ ಅಧ್ಯಯನವನ್ನು ಆಧರಿಸಿ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರಲ್ಲಿ ಬರೆದ ‘ದಿ ಟೀಚಿಂಗ್ ಗ್ಯಾಪ್’ ಈ ಪದ್ಧತಿಯನ್ನು ಹೊರಜಗತ್ತಿಗೆ ಪರಿಚಯಿಸಿತು. ಇಲ್ಲಿ ಸುಧಾರಣೆಯ ವಸ್ತು ಪಾಠ, ಶಿಕ್ಷಕರಲ್ಲ. ಸಹೋದ್ಯೋಗಿಗಳ ಎದುರು ಪಾಠ ಮಾಡುವ ಭಯ ಇದರಿಂದ ಬಹುಪಾಲು ಕರಗುತ್ತದೆ.

ಚೀನಾದ ಶಾಲೆಗಳಲ್ಲಿ ವಿಷಯವಾರು ಬೋಧನಾ ಸಂಶೋಧನಾ ಗುಂಪುಗಳು 1950ರ ದಶಕದಿಂದ ಇವೆ. ಸಿಂಗಪುರದಲ್ಲಿ ತರಗತಿ ಬಿಡದೆ ಬಡ್ತಿ ಪಡೆಯುವ ದಾರಿಯನ್ನು ಸರ್ಕಾರವೇ ತೆರೆದಿದೆ: ಹಿರಿಯ ಶಿಕ್ಷಕ, ಮುಂದಾಳು ಶಿಕ್ಷಕ, ಪ್ರವೀಣ ಶಿಕ್ಷಕ ಎಂಬ ಮೆಟ್ಟಿಲುಗಳಿದ್ದು, ಅವರ ಬೆಂಬಲಕ್ಕೆ 2010ರಲ್ಲಿ ಶಿಕ್ಷಕರ ಅಕಾಡೆಮಿ ಸ್ಥಾಪನೆಯಾಯಿತು. ಒಳ್ಳೆಯ ಶಿಕ್ಷಕರು ಮೇಲೇರಬೇಕಾದರೆ ಪಾಠ ಬಿಟ್ಟು ಕಚೇರಿಗೇ ಹೋಗಬೇಕಾದ ವ್ಯವಸ್ಥೆಗಳಿಗೆ ಇದು ನೇರ ಉತ್ತರ.

ಇಂಗ್ಲೆಂಡಿನಲ್ಲಿ 1982ರ ಕಾಕ್‌ಕ್ರಾಫ್ಟ್ ವರದಿ ಪ್ರೌಢಶಾಲೆಯ ಗಣಿತ ವಿಭಾಗದ ಮುಖ್ಯಸ್ಥರ ಪಾತ್ರಕ್ಕೆ ಒತ್ತು ಕೊಟ್ಟಿತ್ತು. 2006ರಲ್ಲಿ ಗಣಿತ ಬೋಧನೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಯಿತು. 2014ರಲ್ಲಿ ಪ್ರಾದೇಶಿಕ ಗಣಿತ ಕೇಂದ್ರಗಳ ಜಾಲ ಬಂತು, ಶಾಂಘೈ ಶಿಕ್ಷಕರ ಜೊತೆ ವಿನಿಮಯ ಕಾರ್ಯಕ್ರಮವೂ ಶುರುವಾಯಿತು. ಇಲ್ಲಿ ತಯಾರಾಗುವ ವಿಶೇಷಜ್ಞ ಶಿಕ್ಷಕರು ಮೊದಲು ತಮ್ಮ ಪಾಠವನ್ನೂ ತಮ್ಮ ವಿಭಾಗವನ್ನೂ ತಿದ್ದಿಕೊಂಡು ಆಮೇಲೆ ನೆರೆಯ ಶಾಲೆಗಳಿಗೆ ಹೋಗುತ್ತಾರೆ.

ಪರಿಣಾಮದ ಪುರಾವೆ

ಮ್ಯಾಥ್ಯೂ ಕ್ರಾಫ್ಟ್, ಡೇವಿಡ್ ಬ್ಲೇಜರ್ ಮತ್ತು ಡಿಲನ್ ಹೋಗನ್ 2018ರಲ್ಲಿ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಇಂಥ ಮಾರ್ಗದರ್ಶನದಿಂದ ಬೋಧನೆಯ ಗುಣಮಟ್ಟ 0.49 ಮಾನಕ ವಿಚಲನೆಯಷ್ಟೂ ಮಕ್ಕಳ ಸಾಧನೆ 0.18ರಷ್ಟೂ ಏರಿತ್ತು. ಆದರೆ ಆ ಅಧ್ಯಯನಗಳಲ್ಲಿ ಬಹುಪಾಲು ಓದು ಬರಹಕ್ಕೆ ಸಂಬಂಧಿಸಿದವು. ಜೊತೆಗೆ ಕಾರ್ಯಕ್ರಮ ದೊಡ್ಡದಾದಂತೆ ಪರಿಣಾಮ ಕುಗ್ಗಿತ್ತು. ಗಣಿತಕ್ಕೇ ಸಂಬಂಧಿಸಿದ ಒಂದು ಅಧ್ಯಯನ ವರ್ಜೀನಿಯಾ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಮೂರು ವರ್ಷ ನಡೆಯಿತು. ಪೆಟ್ರಿಷಿಯಾ ಕ್ಯಾಂಪ್‌ಬೆಲ್ ಮತ್ತು ನಥಾನಿಯೆಲ್ ಮಾಲ್ಕಸ್ ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಮಕ್ಕಳ ಕಲಿಕೆಯಲ್ಲಿ ಲಾಭ ಕಂಡದ್ದು ಮಾರ್ಗದರ್ಶಕರಿಗೆ ಅನುಭವ ಬಂದ ನಂತರ; ಮೊದಲ ವರ್ಷದಲ್ಲೇ ಅಲ್ಲ. ಒಂದೇ ವರ್ಷದ ಪರೀಕ್ಷಾ ಫಲಿತಾಂಶ ನೋಡಿ ಕಾರ್ಯಕ್ರಮ ನಿಲ್ಲಿಸುವ ಆಡಳಿತಗಾರರು ಈ ಮಾತನ್ನು ಗಮನಿಸಬೇಕು.

ಭಾರತ ಮತ್ತು ಕರ್ನಾಟಕ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಹುಟ್ಟಿದವು. ಪ್ರೌಢಶಾಲಾ ಶಿಕ್ಷಕರ ಸೇವಾನಿರತ ತರಬೇತಿಗೆ ಶಿಕ್ಷಕರ ಶಿಕ್ಷಣ ಕಾಲೇಜುಗಳು, ಅಂದರೆ ಸಿಟಿಇಗಳು, ಗೊತ್ತಾದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ರಾಮಾನುಜಂ ಅಧ್ಯಕ್ಷತೆಯ ತಂಡ ಬರೆದ ಗಣಿತ ಬೋಧನೆಯ ನಿಲುವು ಪತ್ರಿಕೆ, ಮಕ್ಕಳ ಗಣಿತ ಭಯಕ್ಕೂ ಶಿಕ್ಷಕರ ಸಿದ್ಧತೆಯ ಕೊರತೆಗೂ ಕನ್ನಡಿ ಹಿಡಿಯಿತು. 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ 2018ರಲ್ಲಿ ಸಮಗ್ರ ಶಿಕ್ಷಣದಲ್ಲಿ ಸೇರಿತು. 2020ರ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನೂ, ರಾಷ್ಟ್ರೀಯ ಮಾರ್ಗದರ್ಶನ ಮಿಷನ್ನನ್ನೂ ಹೇಳಿತು.

ಕರ್ನಾಟಕದ ಸ್ಥಿತಿಗೆ ಒಂದು ವೈಶಿಷ್ಟ್ಯವಿದೆ. ಇಂಗ್ಲೆಂಡ್, ಚೀನಾಗಳ ಪದ್ಧತಿಗಳಿಗೆ ಶಾಲೆಯೊಳಗೇ ಹಲವು ಗಣಿತ ಶಿಕ್ಷಕರಿರುವುದು ಆಧಾರ. ನಮ್ಮ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರೇ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರು. ಎಂಟರಿಂದ ಹತ್ತರವರೆಗೆ ಗಣಿತವೂ ಅವರದೇ, ವಿಜ್ಞಾನದ ಪಾಠಗಳೂ ಹಲವೆಡೆ ಅವರ ಪಾಲಿಗೇ. ಥೇಲ್ಸ್ ಪ್ರಮೇಯದ ಬಗ್ಗೆ ಮಾತಾಡಬೇಕೆಂದರೆ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರಿಲ್ಲ. ಆದ್ದರಿಂದ ಇಲ್ಲಿ ಬೋಧನಾ ನಾಯಕತ್ವ ಬೆಳೆಯಬೇಕಾದ ಜಾಗ ತಾಲ್ಲೂಕು. ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಯ ವಿಷಯ ಪರಿವೀಕ್ಷಕರ ಹುದ್ದೆ ಈ ಉದ್ದೇಶಕ್ಕೆ ಹತ್ತಿರವಾದದ್ದು. ಆದರೆ ಒಂದು ಜಿಲ್ಲೆಯ ಶಾಲೆಗಳಿಗೆ ಬೆರಳೆಣಿಕೆಯ ಪರಿವೀಕ್ಷಕರು. ಅವರ ಭೇಟಿಯಲ್ಲಿ ತಪಾಸಣೆಯ ಛಾಯೆ ಇದ್ದೇ ಇರುತ್ತದೆ. ವರದಿ ಬರೆಯುವವರ ಮುಂದೆ ಯಾರೂ ತಮಗೆ ಬಾರದ್ದನ್ನು ಹೇಳಿಕೊಳ್ಳುವುದಿಲ್ಲ. ಮಾರ್ಗದರ್ಶನ ಮತ್ತು ಮೌಲ್ಯಮಾಪನ ಒಬ್ಬರ ಕೈಯಲ್ಲಿ ಇರಬಾರದು.

2010ರ ದಶಕದ ಆರಂಭದಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಒಂಟಿತನದ ಈ ಸಮಸ್ಯೆಗೆ ಸರಿಯಾದ ದಾರಿ ಹುಡುಕಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶ ಕಲಿತು, ತಾವು ತಯಾರಿಸಿದ ಸಾಮಗ್ರಿಯನ್ನು ಹಂಚಿಕೊಂಡು, ಶಾಲೆಗೆ ಮರಳಿದ ಮೇಲೂ ಪ್ರಶ್ನೋತ್ತರದಲ್ಲಿ ಜೊತೆಯಾಗಿ ಉಳಿದರು. ಅದರಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕನ್ನಡ, ಇಂಗ್ಲಿಷ್ ಸಂಗ್ರಹ ಬೆಳೆಯಿತು. ಆ ವೇದಿಕೆಯಲ್ಲಿ ಇದ್ದದ್ದು ಸಮುದಾಯ. ಇಲ್ಲದೇ ಹೋದದ್ದು ಒಬ್ಬರು ಇನ್ನೊಬ್ಬರ ತರಗತಿಗೆ ಹೋಗಿ ಕೂರುವ ನಿಯತ ವ್ಯವಸ್ಥೆ.

ಸಂಪನ್ಮೂಲ ವ್ಯಕ್ತಿಗಳಾಗಿ ಆಯ್ಕೆಯಾದ ಒಳ್ಳೆಯ ಗಣಿತ ಶಿಕ್ಷಕರ ಸಮಯ ಫಲಿತಾಂಶ ಸುಧಾರಣೆಯ ಸಭೆಗಳಿಗೂ ಪಾಸಾಗಲು ಬೇಕಾದಷ್ಟನ್ನೇ ಕೊಡುವ ಪಾಸಿಂಗ್ ಪ್ಯಾಕೇಜ್ ತಯಾರಿಗೂ ಹೋಗುವುದು ಇನ್ನೊಂದು ತೊಡಕು. ಹಿಂದುಳಿದ ಮಗು ಪಾಸಾಗುವಂತೆ ನೋಡಿಕೊಳ್ಳುವುದು ಗೌರವದ ಕೆಲಸವೇ. ಆದರೆ ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಾದಾಗ ಜನವರಿಯಲ್ಲಿ ಏಳುವ ಆ ತುರ್ತು, ಎಂಟನೇ ತರಗತಿಯಲ್ಲಿ ಬೀಜಗಣಿತದ ಬುನಾದಿ ಗಟ್ಟಿಯಾಗದೆ ಹೋದದ್ದರ ಫಲ. ತಾಲ್ಲೂಕಿಗೆ ಇಬ್ಬರು ಮೂವರು ಆಯ್ದ ಗಣಿತ ಶಿಕ್ಷಕರಿಗೆ ಜೂನ್‌ನಿಂದ ಡಿಸೆಂಬರ್‌ವರೆಗೆ ವಾರದಲ್ಲಿ ಒಂದು ದಿನ ಸ್ವಂತ ತರಗತಿಯಿಂದ ಬಿಡುವು, ನೆರೆಯ ಶಾಲೆಗೆ ಹೋಗಿಬರುವ ಪ್ರಯಾಣಭತ್ಯೆ, ಅವರ ಭೇಟಿಯ ಟಿಪ್ಪಣಿ ಯಾವ ಸೇವಾ ದಾಖಲೆಗೂ ಸೇರದೆಂಬ ಲಿಖಿತ ಭರವಸೆ: ಇಷ್ಟನ್ನು ಇಲಾಖೆ ಮೊದಲು ಕೊಡಲಿ. ವೇಳಾಪಟ್ಟಿಯಲ್ಲಿ ಜಾಗ ಕೊಡದೆ ಹೆಗಲಿಗೆ ಹೊರಿಸಿದ ನಾಯಕತ್ವ ಸುತ್ತೋಲೆಯಲ್ಲೇ ಉಳಿಯುತ್ತದೆ.