ಸುಳಾದಿಯ ಸೀಮೆಯಿಂದ ಪ್ರೊಗ್ರೆಸಿವ್ ರಾಕ್

ಮೂರು ನಿಮಿಷದಲ್ಲಿ ಹಾಡು ಮುಗಿಯಬೇಕು, ರೇಡಿಯೊದಲ್ಲಿ ಓಡಬೇಕು, ಜನ ಕುಣಿಯಬೇಕು. 1960ರ ದಶಕದ ನಡುವಿನವರೆಗೆ ಇಂಗ್ಲೆಂಡಿನ ರಾಕ್ ಸಂಗೀತ ನಡೆದದ್ದು ಹೀಗೆ. ಯುದ್ಧದ ಮೇಲೆ, ಅಂತಸ್ತಿನ ಮೇಲೆ, ಹಿರಿಯರ ಶಿಸ್ತಿನ ಮೇಲೆ ಮುನಿದ ಒಂದು ತಲೆಮಾರು ಈ ಕಟ್ಟಳೆಯನ್ನೂ ಮುರಿಯಿತು. 1966ರ ಕೊನೆಗೆ ಲಂಡನ್ನಿನಲ್ಲಿ ಶುರುವಾದ ಯುಎಫ್‌ಒ ಕ್ಲಬ್ಬಿನಲ್ಲಿ ಪಿಂಕ್ ಫ್ಲಾಯ್ಡ್, ಸಾಫ್ಟ್ ಮಷೀನ್ ತಂಡಗಳು ಒಂದೇ ಹಾಡನ್ನು ಮನಸ್ಸು ಬಂದಷ್ಟು ಹೊತ್ತು ಬೆಳೆಸುತ್ತಿದ್ದವು. 1967ರಲ್ಲಿ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್' ಬಂದಾಗ ಇಡೀ ಎಲ್‌ಪಿ ತಟ್ಟೆಯನ್ನೇ ಒಂದು ಕೃತಿಯಾಗಿ ಕೇಳುವ ರೂಢಿ ಬಲವಾಯಿತು. 1969ರಲ್ಲಿ ಕಿಂಗ್ ಕ್ರಿಮ್ಸನ್ ತನ್ನ ಮೊದಲ ಆಲ್ಬಮ್ ಹೊರತಂದಿತು. 1972ರಲ್ಲಿ ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' ತಟ್ಟೆಯ ಒಂದು ಬದಿಯನ್ನು ಪೂರ್ತಿ ತುಂಬಿತು. ಅದೇ ವರ್ಷ ಜೆಥ್ರೊ ಟಲ್‌ನ 'ಥಿಕ್ ಆ್ಯಸ್ ಎ ಬ್ರಿಕ್'ಗೆ ಎರಡು ಬದಿಗಳೂ ಬೇಕಾದವು. ತಾಳ ಬದಲಿಸುತ್ತ, ಖಂಡಖಂಡವಾಗಿ ಬೆಳೆಯುವ ಈ ದೀರ್ಘ ರಚನೆಯೇ ಪ್ರೊಗ್ರೆಸಿವ್ ರಾಕ್‌ನ ಗುರುತಾಯಿತು. ದಶಕ ಮುಗಿಯುವ ಮೊದಲೇ ಪಂಕ್ ಹುಡುಗರು ಇದು ಪಾಂಡಿತ್ಯದ ಮೆರವಣಿಗೆ ಎಂದು ಜರೆದರು.

ಈ ಅಲೆ ಕರ್ನಾಟಕದಲ್ಲಿ ಮೊದಲು ತಾಗಿದ್ದು ಬೆಂಗಳೂರಿಗೆ. 1970ರ ದಶಕದಲ್ಲಿ ಅಲ್ಲಿ 'ಹ್ಯೂಮನ್ ಬಾಂಡೇಜ್' ತಂಡ ಹೆಸರು ಮಾಡಿತ್ತು. ಅದರ ಡ್ರಮ್ಸ್ ವಾದಕ ರಮೇಶ್ ಶೋತಂ ಮುಂದೆ ಟಿ.ಎ.ಎಸ್. ಮಣಿ ನಡೆಸುತ್ತಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಕಲಿತರು. ಜರ್ಮನಿಯ 'ಎಂಬ್ರಿಯೊ' ತಂಡ 1978-79ರಲ್ಲಿ ಬಸ್ಸು ಹತ್ತಿ ನೆಲದ ದಾರಿಯಲ್ಲೇ ಭಾರತಕ್ಕೆ ಬಂತು, ಇದೇ ಕಾಲೇಜಿನವರೊಂದಿಗೆ ಸೇರಿ ನುಡಿಸಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಈ ಕಾಲೇಜಿನವರ ಜೊತೆಗೂಡಿ ಮಾಡಿದ 'ಜ್ಯೋತಿ' 1983ರಲ್ಲಿ ಹೊರಬಂತು. ಆರ್.ಎ. ರಮಾಮಣಿಯವರ ಗಾಯನವೇ ಅದರ ಜೀವ. ಹಿಪ್ಪಿಗಳು ಭಾರತದಲ್ಲಿ ಶಾಂತಿ ಹುಡುಕಿದರೆ, ಈ ವಾದಕರು ಹುಡುಕಿದ್ದು ಲೆಕ್ಕಾಚಾರ: ಐದು, ಏಳು, ಒಂಬತ್ತರ ನಡೆಗಳು.

ಕನ್ನಡದ ಬಂಡಾಯ ಮಾತ್ರ ಬೇರೆ ದಾರಿ ಹಿಡಿದಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ, 'ಸಮುದಾಯ' ರಂಗತಂಡ ಹುಟ್ಟಿದ್ದೂ ಅದೇ ವರ್ಷ. ಆ ಹಾಡುಗಳಿಗೆ ತಮಟೆ ಸಾಕಿತ್ತು, ಗಿಟಾರ್ ಬೇಕಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಇಂಗ್ಲಿಷ್ ಗಿಟಾರಿಗೂ ಊರಾಚೆಯ ಕೇರಿಯ ತಮಟೆಗೂ ನಡುವೆ ಜಾತಿ, ಭಾಷೆ, ದುಡ್ಡಿನ ಗೋಡೆಯಿತ್ತು. ಹೀಗಾಗಿ ಇಂಗ್ಲೆಂಡಿನಲ್ಲಿ ಒಂದೇ ವೇದಿಕೆ ಏರಿದ ಸಿಟ್ಟು ಮತ್ತು ನಾದ ಇಲ್ಲಿ ಒಂದಾಗಲಿಲ್ಲ.

ಕನ್ನಡದ ಮಾತು ಮತ್ತು ಬ್ಯಾಂಡಿನ ನಾದ ಕೂಡಿದ್ದು ಈ ಶತಮಾನದಲ್ಲಿ. 2002ರಲ್ಲಿ ಹುಟ್ಟಿದ 'ಸ್ವರಾತ್ಮ' ಜನಪದವನ್ನು ರಾಕ್‌ಗೆ ತಂದಿತು. 2008ರ ತಮ್ಮ ಮೊದಲ ಆಲ್ಬಮ್ಮಿನ ಮೂಲಕ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಕಾಲೇಜು ಹುಡುಗರ ಬಾಯಿಗೆ ತಂದರು. 2003ರಲ್ಲಿ ಬೆಂಗಳೂರಲ್ಲೇ ಹುಟ್ಟಿದ 'ಅಗಮ್' ತನ್ನನ್ನು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ತಂಡವೆಂದೇ ಕರೆದುಕೊಂಡಿತು. ಅದು ಎತ್ತಿಕೊಂಡದ್ದು ತ್ಯಾಗರಾಜರ ಕೃತಿಗಳನ್ನು, ಸ್ವಾತಿ ತಿರುನಾಳರ ತಿಲ್ಲಾನವನ್ನು. ಅಂದರೆ ಕನ್ನಡದಿಂದ ಮಾತು ಬಂತು, ಕರ್ನಾಟಕ ಸಂಗೀತದಿಂದ ರಾಗ ಬಂತು. ದೀರ್ಘ ರಚನೆಗೆ ಮಾತ್ರ ನಮ್ಮವರು ಇಂದಿಗೂ ಲಂಡನ್ ಕಡೆಗೇ ನೋಡುತ್ತಾರೆ.

ಅದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ರಾಯಚೂರಿನ ಕಲ್ಲೂರು, ಮಾನ್ವಿ, ದೇವದುರ್ಗದ ಸೀಮೆ ಸುಳಾದಿಯ ಸೀಮೆ. ಸುಳಾದಿ ಎಂದರೆ ಹರಿದಾಸರ, ಹಲವು ಖಂಡಗಳ ದೀರ್ಘ ಹಾಡು. ವಿಜಯದಾಸರು (1682–1755) ಮಾನ್ವಿ ಭಾಗದ ಚೀಕಲಪರವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಭಾಗದ ಮೊಸರಕಲ್ಲಿನವರು. ಸುಳಾದಿಯ ಒಂದೊಂದು ಖಂಡಕ್ಕೂ ಒಂದೊಂದು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮುಂತಾಗಿ. ಕೊನೆಗೆ ಎರಡು ಸಾಲಿನ ಜತೆ. ಪಿಂಕ್ ಫ್ಲಾಯ್ಡ್ 1973ರಲ್ಲಿ 'ಮನಿ' ಹಾಡಿಗೆ ಬಳಸಿ ಜಗತ್ತನ್ನು ಬೆರಗಾಗಿಸಿದ 7ರ ಎಣಿಕೆ ನಮ್ಮ ತ್ರಿಪುಟ ತಾಳದ ದಿನನಿತ್ಯದ ಲೆಕ್ಕ.

ದಾಸರನ್ನು ಹಿಪ್ಪಿಗಳೆನ್ನುವುದು ಸಲ್ಲದು. ಅವರು ಸಂಪ್ರದಾಯವನ್ನು ಬಿಟ್ಟವರಲ್ಲ. ಆದರೂ ಶಾಸ್ತ್ರವನ್ನು ಸಂಸ್ಕೃತದ ಪಾಠಶಾಲೆಯಿಂದ ಕನ್ನಡದ ಹಾಡಿಗೆ ತಂದದ್ದು ಸಣ್ಣ ಎದುರುನಿಲುವಲ್ಲ. ಆ ಹಾಡುಗಳನ್ನು ಕಡೆಗಣಿಸಿದ್ದ ಪಂಡಿತ ಶ್ರೀನಿವಾಸಾಚಾರ್ಯರೇ ಕೊನೆಗೆ ಗೋಪಾಲದಾಸರ ಶಿಷ್ಯರಾಗಿ ಮಾನ್ವಿಯ ಜಗನ್ನಾಥದಾಸರಾದರು ಎಂಬ ಪರಂಪರೆಯ ಕಥೆ ಆ ಕಾಲದ ಜಗಳವನ್ನು ಚೆನ್ನಾಗಿ ಹೇಳುತ್ತದೆ.

ಇಂದು ಬಹಳಷ್ಟು ಮನೆಗಳಲ್ಲಿ ಸುಳಾದಿ ಪಾರಾಯಣವಾಗಿದೆ. ಓದು ಉಳಿದು ತಾಳ ಹಿಂದೆ ಸರಿದಿದೆ. ಬ್ಯಾಂಡಿನವರು ಅದು ದೇವರಕೋಣೆಯ ಸೊತ್ತೆಂದು ಮುಟ್ಟುವುದು ಅಪರೂಪ. ಕನ್ನಡದ ಪ್ರೊಗ್ರೆಸಿವ್ ರಾಕ್ ತನ್ನದೇ ಕಟ್ಟಡ ಕಟ್ಟಬೇಕಾದರೆ ಶರೀಫರ ಪದಗಳ ಪಕ್ಕದಲ್ಲಿ ಸುಳಾದಿಯ ತಾಳಗಳನ್ನೂ ಕಲಿಯಬೇಕು. ಹಾಗೆ ಕಲಿಯುವವರಿಗೆ ರಾಯಚೂರಿನ ಭಜನಾ ಮಂಡಳಿಗಳು ಬೆಂಗಳೂರಿನ ಸ್ಟುಡಿಯೊಗಿಂತ ಒಳ್ಳೆಯ ಶಾಲೆ.